ಹಿತ್ತಲಿನ ಹುರುಳಿಕಾಯಿಯಲ್ಲಿ ಹುರುಳಿದೆ



ಬೆಳಿಗ್ಗೆ ಐದು ಗಂಟೆಗೆ ತರಕಾರಿ ಮೂಟೆ ಬಿಚ್ಚುವ ಹೊತ್ತು ನಮ್ಮೆಲ್ಲರಿಗೂ ಚೆನ್ನಾಗಿ ಗೊತ್ತು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈ ಮೂಟೆಯೊಳಗೆ. ಮೇಲಿನ ಎರಡು ಹಿಡಿ ಹುರುಳಿಕಾಯಿ ಎಳೆಯದು, ಹಸಿರು. ಕೈ ಕೆಳಗೆ ಹೋದ ಹಾಗೆ ಬಲಿತದ್ದು, ಬಾಡಿದ್ದು, ಕಂದು ಚುಕ್ಕೆಯದ್ದು. ಹಿಂದಿರುಗಿಸೋಣವೆಂದರೆ ಲಾರಿ ಆಗಲೇ ಹೋಗಿದೆ, ಹನ್ನೊಂದೂವರೆಗೆ ಊಟದ ಎಲೆ ಹಾಕಬೇಕು. ಅಡುಗೆ ಭಟ್ಟರು ಮುಖ ಕಿವುಚುತ್ತಾರೆ, ನಾವು ಸುಮ್ಮನಾಗುತ್ತೇವೆ.

ವಿಜಯವಾಡದಲ್ಲಿ ನಮ್ಮ ಹೋಟೆಲ್, ವಿಶಾಖಪಟ್ಟಣದಲ್ಲಿ ತಮ್ಮನ ಹೋಟೆಲ್. ಎರಡು ಊರಲ್ಲೂ ಇದೇ ಕಥೆ. ಮನೆಯಲ್ಲಿ ಕನ್ನಡ, ಗಲ್ಲಾದಲ್ಲಿ ತೆಲುಗು ಮಾತಾಡುತ್ತಾ ಇಷ್ಟು ವರ್ಷ ಕಳೆದೆವು. ದೋಸೆ ಹಿಟ್ಟು, ಕಾಫಿ ಪುಡಿ, ತುಪ್ಪದ ವಿಷಯದಲ್ಲಿ ಯಾರೊಂದಿಗೂ ರಾಜಿ ಮಾಡಿಕೊಳ್ಳದ ನಾವು ತರಕಾರಿಯ ವಿಷಯಕ್ಕೆ ಬಂದರೆ ಮಾತ್ರ ಬಂದದ್ದೇ ಭಾಗ್ಯ ಎನ್ನುತ್ತೇವೆ. ಇದು ಸರಿಯೇ ಎಂಬುದು ಈ ಲೇಖನದ ಪ್ರಶ್ನೆ.

ವೈಶಾಖದ ಒಂದು ಮದುವೆ

ಕೆಲವು ವರ್ಷಗಳ ಹಿಂದೆ ವಿಜಯವಾಡದಲ್ಲೇ ಒಂದು ಮದುವೆಯ ಊಟ ಒಪ್ಪಿಕೊಂಡಿದ್ದೆವು. ಮೇ ತಿಂಗಳು, ಆರುನೂರು ಎಲೆ. ಹೆಣ್ಣಿನ ಕಡೆಯವರು ಕನ್ನಡದವರು. ಹುರುಳಿಕಾಯಿ ಪಲ್ಯ ಇರಲೇಬೇಕೆಂದು ಪಟ್ಟಿಯಲ್ಲಿ ಬರೆಸಿದ್ದರು. ದರ ಆಕಾಶದಲ್ಲಿತ್ತು, ಆದರೂ ಕೊಂಡೆವು. ಬಂದ ಕಾಯಿ ಹಗ್ಗದ ಹಾಗಿತ್ತು. ಎರಡು ಸಲ ಬೇಯಿಸಿದರೂ ನಾರು ಬಿಡಲಿಲ್ಲ. ಎಲೆ ಎತ್ತುವಾಗ ನೋಡಿದರೆ ಪ್ರತಿ ಎಲೆಯ ಅಂಚಿನಲ್ಲೂ ಅಗಿದು ಬಿಟ್ಟ ನಾರಿನ ಗುಡ್ಡೆ. ಹುಡುಗಿಯ ಅಜ್ಜ ನಮ್ಮನ್ನು ಕರೆದು, "ಇದು ಬೀನ್ಸ್ ಪಲ್ಯವೋ, ತೆಂಗಿನ ನಾರಿನ ಪಲ್ಯವೋ?" ಎಂದು ಕೇಳಿದರು. ಕೋಪದಿಂದಲ್ಲ, ನಗುತ್ತಲೇ ಕೇಳಿದರು. ಅದೇ ಹೆಚ್ಚು ನೋವಾಯಿತು.

ತರಕಾರಿ ಕೊಟ್ಟವರನ್ನು ಆ ದಿನ ಬೈದೆವು. ಆಮೇಲೆ ಯೋಚಿಸಿದಾಗ ತಪ್ಪು ನಮ್ಮದೇ ಎನ್ನಿಸಿತು. ಮೇ ತಿಂಗಳಲ್ಲಿ ಕೃಷ್ಣಾ ತೀರದಲ್ಲಿ ಹುರುಳಿಕಾಯಿ ಬಿಡುವುದಿಲ್ಲ. ಅದು ತಂಪು ಹವೆಯ ಬೆಳೆ. 15ರಿಂದ 25 ಡಿಗ್ರಿಯೊಳಗೆ ಚೆನ್ನಾಗಿ ಬರುತ್ತದೆ. ಹಗಲು 30 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಹೂವು ಉದುರುತ್ತದೆ, ನಿಂತ ಕಾಯಿಯೂ ಬೇಗ ನಾರಾಗುತ್ತದೆ. ವಿಜಯವಾಡದ ಮೇ ತಿಂಗಳು 42, 43 ಡಿಗ್ರಿ ಮುಟ್ಟುವುದು ನಮಗೇನು ಹೊಸದಲ್ಲ. ಹಾಗಾದರೆ ಆ ಕಾಯಿ ಎಲ್ಲಿಂದ ಬಂತು? ಕೋಲಾರ, ಚಿಕ್ಕಬಳ್ಳಾಪುರ, ಮದನಪಲ್ಲಿಯಂಥ ಎತ್ತರದ ಸೀಮೆಯಿಂದ ಲಾರಿಯಲ್ಲಿ ನೂರಾರು ಮೈಲಿ ಬಿಸಿಲು ತಿಂದು ಬಂದಿರಬೇಕು. ಅದು ನಮ್ಮ ಒಲೆ ಸೇರುವ ಹೊತ್ತಿಗೆ ತರಕಾರಿಯಾಗಿ ಉಳಿದಿರುವುದಿಲ್ಲ.

ನಾವೇ ಬಿತ್ತಿ ನೋಡಿದೆವು

ಆ ವರ್ಷವೇ ಹೋಟೆಲಿನ ಹಿಂದಿನ ಖಾಲಿ ಜಾಗದಲ್ಲಿ ನಾವೇ ಬೆಳೆದು ನೋಡಲು ಹೊರಟೆವು. ಮೊದಲ ಪ್ರಯತ್ನ ನಗೆಪಾಟಲು. ಉತ್ಸಾಹ ಹೆಚ್ಚಿತ್ತು, ತಿಳಿವಳಿಕೆ ಕಡಿಮೆ ಇತ್ತು. ಮಾರ್ಚಿಯಲ್ಲಿ ಬಿತ್ತಿದೆವು. ಬೀಜವನ್ನು ರಾತ್ರಿಯಿಡೀ ಇಡ್ಲಿಯ ಉದ್ದಿನ ಹಾಗೆ ನೆನೆಹಾಕಿದೆವು. ಅರ್ಧ ಬೀಜ ಸಿಪ್ಪೆ ಸೀಳಿ ಕೊಳೆಯಿತು. ಹುಟ್ಟಿದ ಗಿಡಕ್ಕೆ ಯೂರಿಯಾ ಸುರಿದೆವು. ಎಲೆ ಆನೆಯ ಕಿವಿಯಷ್ಟಾಯಿತು, ಹೂವು ಬಂತು, ಉದುರಿತು. ಒಟ್ಟು ಸಿಕ್ಕಿದ್ದು ಒಂದು ಸಾರಿಗೆ ಸಾಲುವಷ್ಟು ಕಾಯಿ.

ವಿಶಾಖಪಟ್ಟಣದಲ್ಲಿ ತಮ್ಮನದು ಬೇರೆ ತೊಂದರೆ. ಅವನು ಸರಿಯಾದ ಕಾಲದಲ್ಲೇ ಬಿತ್ತಿದ್ದ. ಆದರೆ ಹಾಕಿದ್ದು ಸಮುದ್ರಕ್ಕೆ ಹತ್ತಿರವಿದ್ದ ಬೋರಿನ ನೀರು. ಎಲೆಯ ಅಂಚು ಸುಟ್ಟ ಹಾಗೆ ಒಣಗುತ್ತಾ ಬಂತು. ರೋಗವೆಂದು ಔಷಧ ಹೊಡೆದ. ರೋಗ ಗಿಡದಲ್ಲಿರಲಿಲ್ಲ, ನೀರಿನ ಉಪ್ಪಿನಲ್ಲಿತ್ತು. ತರಕಾರಿಗಳಲ್ಲಿ ಉಪ್ಪನ್ನು ಅತ್ಯಂತ ಕಡಿಮೆ ತಡೆಯುವವುಗಳಲ್ಲಿ ಹುರುಳಿಕಾಯಿ ಒಂದು. ಕರಾವಳಿಯ ಊರಲ್ಲಿ ಬೆಳೆಯುವವರು ಬಿತ್ತುವ ಮೊದಲು ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಲಿ. ಸ್ವಲ್ಪ ಸಪ್ಪಟೆ ಉಪ್ಪು ಅನ್ನಿಸಿದರೂ ನಲ್ಲಿ ನೀರೋ, ಕೂಡಿಟ್ಟ ಮಳೆನೀರೋ ಹಾಕುವುದೇ ಸರಿ.

ಎರಡನೆಯ ವರ್ಷ ಕೇಳಿ ತಿಳಿದು ಮಾಡಿದೆವು, ಬೆಳೆ ಬಂತು. ನಮಗೆ ಗೊತ್ತಾದದ್ದನ್ನು ಇಲ್ಲಿ ಹೇಳುತ್ತೇವೆ.

ಬೆಳೆಯುವ ಬಗೆ

ಕಾಲ: ನಮ್ಮ ಎರಡೂ ಊರಿಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಮೊದಲ ಬಿತ್ತನೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತಾ ಡಿಸೆಂಬರ್ ಕೊನೆಗೆ ನಿಲ್ಲಿಸಬೇಕು. ಹೀಗೆ ಮಾಡಿದರೆ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಕಾಯಿ ಕೈಗೆ ಸಿಗುತ್ತಿರುತ್ತದೆ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಹಬ್ಬ, ಆಮೇಲೆ ಉಪವಾಸ.

ಮಳೆ: ಅಕ್ಟೋಬರ್, ನವೆಂಬರ್ ತಿಂಗಳು ನಮಗೆ ಚಂಡಮಾರುತದ ತಿಂಗಳೂ ಹೌದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ್ದನ್ನು ಅಲ್ಲಿನ ಯಾವ ಹೋಟೆಲಿನವರೂ ಮರೆತಿಲ್ಲ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದ್ದೂ ಹಾಗೆಯೇ. ಹುರುಳಿಕಾಯಿ ಗಿಡದ ಬೇರಿಗೆ ಒಂದೆರಡು ದಿನ ನೀರು ನಿಂತರೆ ಸಾಕು, ಹಳದಿಯಾಗಿ ಸಾಯುತ್ತದೆ. ವಿಜಯವಾಡದ ಕಪ್ಪು ಮಣ್ಣಿನಲ್ಲಿ ಅಪಾಯ ಹೆಚ್ಚು. ಅರ್ಧ ಅಡಿ ಎತ್ತರದ ಮಡಿ ಕಟ್ಟಿ, ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ ಬಿತ್ತಬೇಕು.

ಬೀಜ: ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಕೋಮಲ್ ಹಳೆಯ, ನಂಬಿಕೆಯ ತಳಿ, ಪೊದೆಯಂತೆ ಬೆಳೆಯುತ್ತದೆ, 70 ದಿನಕ್ಕೆ ಬೆಳೆ ಮುಗಿಯುತ್ತದೆ. ಅರ್ಕಾ ಸುವಿಧಾ ನಾರಿಲ್ಲದ ತಳಿ. ಹೆಚ್ಚುವ ಹುಡುಗರು ನಿಮ್ಮನ್ನು ಹರಸುತ್ತಾರೆ. ಅರ್ಕಾ ಅರ್ಜುನ್ ಹಳದಿ ನಂಜು ರೋಗವನ್ನು ತಡೆಯುತ್ತದೆ. ಅಂಗಡಿಯ ಹುರುಳಿಕಾಯಿಯನ್ನೇ ಒಣಗಿಸಿ ಬೀಜ ಮಾಡಿಕೊಳ್ಳಬೇಡಿ. ಚಿಬ್ಬು ರೋಗ, ದುಂಡಾಣು ಅಂಗಮಾರಿ, ಮೊಸಾಯಿಕ್ ನಂಜು ಮೂರೂ ಬೀಜದ ಮೂಲಕವೇ ಬರುತ್ತವೆ. ಬೀಜಕ್ಕೆ ಉಳಿಸಿದ ನಾಲ್ಕು ಕಾಸು ಇಡೀ ಮಡಿಯನ್ನು ತಿನ್ನುತ್ತದೆ.

ಬಿತ್ತನೆ: ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಗೇಣಿಗಿಂತ ಸ್ವಲ್ಪ ಕಡಿಮೆ, ಆಳ ಒಂದು ಇಂಚು. ನೆನೆಹಾಕುವುದು ಬೇಡ. ಹದವಾಗಿ ತೇವವಿರುವ ಮಣ್ಣಿನಲ್ಲಿ ಬಿತ್ತಿ, ಒಂದು ವಾರದಲ್ಲಿ ಮೊಳಕೆ ಬರುತ್ತದೆ. ಬಳ್ಳಿ ಜಾತಿಯಾದರೆ ಆರಡಿ ಬಿದಿರು ನೆಡಿ. ಜಾಗ ಕಡಿಮೆ ಇರುವ ಪಟ್ಟಣಕ್ಕೆ ಅದು ಅನುಕೂಲ.

ಗೊಬ್ಬರ: ಬೇಳೆ ಜಾತಿಯ ಗಿಡ ಗಾಳಿಯಿಂದಲೇ ಸಾರಜನಕ ತೆಗೆದುಕೊಳ್ಳುತ್ತದೆ, ಗೊಬ್ಬರ ಬೇಡ ಎಂದು ಹೇಳುವವರಿದ್ದಾರೆ. ಅಲಸಂದೆಗೆ ಅದು ಬಹುಮಟ್ಟಿಗೆ ನಿಜ. ಹುರುಳಿಕಾಯಿ ಆ ಕೆಲಸದಲ್ಲಿ ಸೋಮಾರಿ. ಅದಕ್ಕೆ ಕಾಂಪೋಸ್ಟ್ ಬೇಕು. ನಮ್ಮ ಹೋಟೆಲುಗಳಲ್ಲಿ ಅದಕ್ಕೇನು ಬರ? ತರಕಾರಿ ಸಿಪ್ಪೆ, ಬಾಳೆ ಎಲೆ, ಫಿಲ್ಟರಿನ ಕಾಫಿ ಚರಟ, ಎಳನೀರಿನ ನಾರು ದಿನವೂ ರಾಶಿ ರಾಶಿ. ದಿನಕ್ಕೆ 100 ಕಿಲೋ ಕಸ ಮಾಡುವ ಹೋಟೆಲಿನವರು ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮಲ್ಲೇ ಸಂಸ್ಕರಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಹಾಗಿದ್ದ ಮೇಲೆ ಆ ಗೊಬ್ಬರವನ್ನು ನಮ್ಮ ಮಣ್ಣಿಗೇ ಹಾಕೋಣ. ಒಂದು ಎಚ್ಚರಿಕೆ: ಉಳಿದ ಸಾಂಬಾರು, ಉಪ್ಪಿನಕಾಯಿ, ಎಣ್ಣೆ ಬೇಡ. ಉಪ್ಪಿನ ಕಥೆ ಮೇಲೆ ಹೇಳಿದ್ದೇವೆ.

ನೀರು: ಬುಡಕ್ಕೆ ಮಾತ್ರ, ಬೆಳಿಗ್ಗೆ. ಹೂವು ಬಿಡುವಾಗ ಮಣ್ಣು ಒಣಗಬಾರದು. ಎಲೆಯ ಮೇಲೆ ನೀರು ಚಿಮುಕಿಸಿದರೆ ತುಕ್ಕು ರೋಗ, ಅಂಗಮಾರಿ ಹರಡುತ್ತವೆ. ಇಬ್ಬನಿ ಆರುವ ಮುಂಚೆ ಗಿಡ ಮುಟ್ಟಬಾರದು. ನಮ್ಮ ಕೈಯೇ ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ಹಳದಿ ನಂಜು ಬಂದ ಗಿಡವನ್ನು ಕನಿಕರ ತೋರದೆ ಕಿತ್ತು ದೂರ ಹಾಕಿ. ಹೇನು, ಬಿಳಿ ನೊಣಕ್ಕೆ ಬೇವಿನೆಣ್ಣೆ ಸೋಪಿನ ನೀರಿನಲ್ಲಿ ಕಲಸಿ ಸಂಜೆ ಹೊಡೆದರೆ ಹಿತ್ತಲಿನ ಮಟ್ಟಿಗೆ ಸಾಕು. ಮುಂದಿನ ವರ್ಷ ಅದೇ ಮಡಿಯಲ್ಲಿ ಹುರುಳಿಕಾಯಿ ಬೇಡ. ಸೊಪ್ಪೋ ಮೂಲಂಗಿಯೋ ಹಾಕಿ.

ಕೊಯ್ಲು: 45, 50 ದಿನಕ್ಕೆ ಶುರು. ಎರಡು ಮೂರು ದಿನಕ್ಕೊಮ್ಮೆ ಕೊಯ್ಯಲೇಬೇಕು. ಒಳಗಿನ ಕಾಳು ಹೊರಗೆ ಉಬ್ಬಿ ಕಾಣುವ ಮುಂಚೆ, ಮುರಿದರೆ ಟಕ್ ಎನ್ನುವಾಗ. ಬಲಿಯಲು ಬಿಟ್ಟರೆ ಗಿಡ ಹೊಸ ಹೂವು ಬಿಡುವುದನ್ನೇ ನಿಲ್ಲಿಸುತ್ತದೆ.

ಲೆಕ್ಕ ಹಾಕಿ ಮಾತಾಡೋಣ

ಇಷ್ಟು ಓದಿ ಕೆಲವರು ನಗುತ್ತಿರಬಹುದು. "ನಮಗೆ ದಿನಕ್ಕೆ ಹತ್ತು ಕಿಲೋ ಬೇಕು, ಹಿತ್ತಲಲ್ಲಿ ಬೆಳೆದು ಪೂರೈಸುತ್ತೀರಾ?" ಇಲ್ಲ. ಪೂರೈಸುವುದಿಲ್ಲ ಎಂದು ನಾವೇ ಮೊದಲು ಹೇಳುತ್ತೇವೆ. ಅರ್ಕಾ ಕೋಮಲ್‌ಗೆ ಸಂಸ್ಥೆಯವರು ಹೇಳುವ ಇಳುವರಿ ಹೆಕ್ಟೇರಿಗೆ ಸುಮಾರು 19 ಟನ್. ನಮ್ಮ ಆಂಧ್ರದ ಅಳತೆಯಲ್ಲಿ ಒಂದು ಸೆಂಟಿಗೆ 77 ಕಿಲೋ ಆಯಿತು. ನಮ್ಮಂಥವರ ಕೈಯಲ್ಲಿ ಅದರ ಅರ್ಧ ಎಂದಿಟ್ಟುಕೊಳ್ಳಿ. ಮೂರು ತಿಂಗಳು ದಿನಕ್ಕೆ ಹತ್ತು ಕಿಲೋ ಎಂದರೆ 900 ಕಿಲೋ. ಅದಕ್ಕೆ ಕಾಲು ಎಕರೆ, ಅಂದರೆ 25 ಸೆಂಟ್ಸ್ ಬೇಕು. ಬೆಂಜ್ ಸರ್ಕಲ್ ಪಕ್ಕದಲ್ಲೋ ದ್ವಾರಕಾ ನಗರದಲ್ಲೋ ಕಾಲು ಎಕರೆ ಇರುವವರು ಹುರುಳಿಕಾಯಿ ಬಿತ್ತುವುದಿಲ್ಲ, ಇನ್ನೊಂದು ಹೋಟೆಲ್ ಕಟ್ಟುತ್ತಾರೆ!

ಹಾಗಾದರೆ ಹಿತ್ತಲ ಮಡಿ ಯಾಕೆ? ಕಲಿಯುವುದಕ್ಕೆ. ತಾನೇ ಬೆಳೆದು ಕೊಯ್ದ ಕಾಯಿಯನ್ನು ಒಮ್ಮೆ ಮುರಿದು ನೋಡಿದ ಭಟ್ಟರಿಗೆ ಆಮೇಲೆ ಮೂಟೆಯೊಳಗೆ ಯಾರೂ ಮೋಸ ಮಾಡಲಾರರು. ತನ್ನ ಮಡಿಯಲ್ಲಿ ಹೂವು ಉದುರಿದ್ದನ್ನು ಕಂಡ ಮಾಲೀಕ ರೈತನ ಹತ್ತಿರ ದರ ಚೌಕಾಸಿ ಮಾಡುವಾಗ ನಾಲಿಗೆ ಬಿಗಿ ಹಿಡಿಯುತ್ತಾನೆ. ನಮಗಾದದ್ದು ಅದೇ.

ಎರಡನೆಯ ಹೆಜ್ಜೆ, ಊರಿನ ಹತ್ತಿರದ ಒಬ್ಬಿಬ್ಬರು ರೈತರೊಡನೆ ಮಾತಾಡಿಕೊಳ್ಳುವುದು. ನಾಲ್ಕು ಹೋಟೆಲಿನವರು ಸೇರಿದರೆ ಒಂದು ಎಕರೆಯ ಬೆಳೆ ಪೂರ್ತಿ ನಮ್ಮದೇ. 1999ರಲ್ಲಿ ರೈತುಬಜಾರುಗಳು ಶುರುವಾದ ಮೇಲೆ ರೈತ ಮತ್ತು ಕೊಳ್ಳುವವ ಮುಖಾಮುಖಿ ಆಗುವುದು ಈ ರಾಜ್ಯದಲ್ಲಿ ಹೊಸ ವಿಷಯವಲ್ಲ. 2016ರಿಂದ ಆಂಧ್ರ ಸರ್ಕಾರದ ನೈಸರ್ಗಿಕ ಕೃಷಿ ಕಾರ್ಯಕ್ರಮದಲ್ಲಿ ಲಕ್ಷಾಂತರ ರೈತರು ಸೇರಿದ್ದಾರೆ. 2024ರಲ್ಲಿ ಅದಕ್ಕೆ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರಶಸ್ತಿಯೂ ಬಂತು. ವಿಶಾಖಪಟ್ಟಣದವರಿಗೆ ಇನ್ನೊಂದು ಭಾಗ್ಯವಿದೆ. ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಅರಕು, ಪಾಡೇರು, ಚಿಂತಪಲ್ಲಿಯ ಬೆಟ್ಟಗಳು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ತಂಪು ಹವೆ. ಅಲ್ಲಿನ ಗಿರಿಜನ ರೈತರು ಬೆಳೆಯುವ ರಾಜ್ಮಾ ನಮ್ಮ ಹುರುಳಿಕಾಯಿಯ ಜಾತಿಯೇ. ಒಂದನ್ನು ಎಳೆಯದಾಗಿ ಕೊಯ್ಯುತ್ತೇವೆ, ಇನ್ನೊಂದನ್ನು ಕಾಳಾಗಲು ಬಿಡುತ್ತೇವೆ, ಅಷ್ಟೆ.

ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಮಾರುಕಟ್ಟೆಯಲ್ಲಿ ದರ ಬಿದ್ದ ದಿನ ರೈತನನ್ನು ಬಿಟ್ಟು ಅಲ್ಲಿಗೆ ಓಡಿದರೆ ಮುಂದಿನ ವರ್ಷ ಅವನು ನಮಗಾಗಿ ಬಿತ್ತುವುದಿಲ್ಲ. ವಾರಕ್ಕೊಮ್ಮೆ ಹಣ ಚುಕ್ತಾ ಆಗಬೇಕು. ಗಿರಾಕಿಯ ಸಾಲದ ಪುಸ್ತಕ ನಮಗೆ ಎಷ್ಟು ಸಂಕಟವೋ, ನಮ್ಮ ಸಾಲದ ಪುಸ್ತಕ ಕೌಲು ರೈತನಿಗೆ ಅದರ ಹತ್ತರಷ್ಟು.

ವಿಷದ ಮಾತು

ಇದನ್ನು ಹೇಳದೆ ಬಿಡುವ ಹಾಗಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯಿಂದ ಬಂದವರು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ನಮ್ಮ ಭಾಷೆ ಮಾತಾಡುವ ಹಳ್ಳಿಗಳೇ ಉಂಡವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ತರಕಾರಿಗೆ ಮಾನೋಕ್ರೋಟೋಫಾಸ್ ಹೊಡೆಯಬಾರದೆಂದು 2005ರಲ್ಲೇ ನಿಷೇಧವಾಯಿತು. ಕಾಗದದ ಮೇಲೆ ಎಲ್ಲಾ ಇದೆ. ಆದರೆ ಹುರುಳಿಕಾಯಿಯನ್ನು ಎರಡು ಮೂರು ದಿನಕ್ಕೊಮ್ಮೆ ಕೊಯ್ಯಬೇಕು. ಔಷಧ ಹೊಡೆದ ಮರುದಿನವೇ ಕೊಯ್ದರೆ ಅದು ನೇರ ನಮ್ಮ ಪಲ್ಯಕ್ಕೆ ಬರುತ್ತದೆ. ಸಿಪ್ಪೆ ಸುಲಿಯುವ ತರಕಾರಿಯಲ್ಲ ಇದು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನಾವು ಬಡಿಸಿದ ಆಹಾರಕ್ಕೆ ನಾವೇ ಹೊಣೆ. ಕಾಯ್ದೆಯ ಮಾತು ಹಾಗಿರಲಿ, ನಮ್ಮ ಎಲೆಯ ಮುಂದೆ ಕುಳಿತ ಮಗುವಿನ ಮಾತು ಏನು? ಯಾವಾಗ ಏನು ಹೊಡೆದಿರಿ ಎಂದು ಕೇಳಿ ಉತ್ತರ ಪಡೆಯಲು ಸಾಧ್ಯವಾಗುವುದು ಹೆಸರು ಗೊತ್ತಿರುವ ರೈತನಿಂದ ಮಾತ್ರ.

ಅಡುಗೆಮನೆಯಲ್ಲಿ ನಮ್ಮದೂ ತಪ್ಪುಗಳಿವೆ. ಹಸಿರು ಕಾಣಲಿ ಎಂದು ಅಡುಗೆ ಸೋಡಾ ಹಾಕುವ ಚಾಳಿ ಬಿಡೋಣ; ಬಣ್ಣ ಉಳಿಯುತ್ತದೆ, ಜೀವಸತ್ವ ಹೋಗುತ್ತದೆ, ಕಾಯಿ ಮೆತ್ತಗಾಗುತ್ತದೆ. ಎಳೆಯ ಕಾಯಿ ಕುದಿಯುವ ನೀರಿನಲ್ಲಿ ಮುಚ್ಚಳ ತೆಗೆದು ಬೇಯಿಸಿದರೆ ಹಾಗೆಯೇ ಹಸಿರಾಗಿರುತ್ತದೆ. ಸಲಾಡಿಗೆಂದು ಹಸಿಯಾಗಿ ಬಡಿಸಬೇಡಿ; ಹಸಿ ಹುರುಳಿಕಾಯಿಯಲ್ಲಿ ಹೊಟ್ಟೆ ಕೆಡಿಸುವ ಅಂಶವಿದೆ, ಬಲಿತ ಕಾಳಿನಲ್ಲಿ ಅದು ಬಹಳ ಹೆಚ್ಚು. ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇಟ್ಟರೆ ಕಾಯಿ ಮೇಲೆ ಕಂದು ಕಲೆ ಏಳುತ್ತದೆ. ಮೂಟೆಯ ಕಂದು ಚುಕ್ಕೆಗೆ ಕೆಲವು ಸಲ ನಮ್ಮ ಫ್ರಿಜ್ಜೇ ಕಾರಣ!

ಉಳಿದ ಒಂಬತ್ತು ತಿಂಗಳು?

ಈಗ ಮುಖ್ಯ ಮಾತಿಗೆ ಬಂದೆವು. ಮಾರ್ಚಿಯಿಂದ ನವೆಂಬರ್‌ವರೆಗೆ ಏನು ಮಾಡುವುದು? ಹುರುಳಿಕಾಯಿಯನ್ನು ಬಿಡುವುದು. ಹೌದು, ಬಿಡುವುದು.

ಹುರುಳಿಕಾಯಿ ನಮ್ಮ ಮುತ್ತಜ್ಜಂದಿರ ತರಕಾರಿಯಲ್ಲ. ಅಮೆರಿಕ ಖಂಡದಿಂದ ಯುರೋಪಿನವರ ಕೈ ಹಿಡಿದು ಬಂದದ್ದು. ಊರಿನಲ್ಲಿ ಹಿರಿಯರು ಇದನ್ನು ಇಂಗ್ಲಿಷ್ ತರಕಾರಿಯೆಂದೇ ಕರೆದು ಮಡಿ ಅಡುಗೆಗೆ ಸೇರಿಸುತ್ತಿರಲಿಲ್ಲ. ಚಾತುರ್ಮಾಸ್ಯದ ಶಾಕವ್ರತದ ತಿಂಗಳು ತರಕಾರಿಯಿಲ್ಲದೆ, ದ್ವಿದಳ ವ್ರತದ ತಿಂಗಳು ಬೇಳೆಕಾಳಿಲ್ಲದೆ ಊಟದ ಎಲೆ ತುಂಬಿಸಿದ ಪರಂಪರೆ ಉಡುಪಿ ಅಡುಗೆಯದು. ತಿಂಗಳಿಗೆ ತಕ್ಕಂತೆ ಅಡುಗೆ ಬದಲಿಸುವ ಜಾಣ್ಮೆ ನಮ್ಮ ರಕ್ತದಲ್ಲೇ ಇದೆ. ವರ್ಷದ 365 ದಿನವೂ ಬೀನ್ಸ್, ಕ್ಯಾರೆಟ್, ಕೋಸು ಎಂದು ಮೆನು ಕಾರ್ಡಿಗೆ ಕಟ್ಟುಬಿದ್ದದ್ದು ಈಚೆಗೆ.

ಬೇಸಿಗೆಗೆ ಅಲಸಂದೆ ಇದೆ, ಗೋರಿಕಾಯಿ ಇದೆ. ಬಿಸಿಲೆಂದರೆ ಅವಕ್ಕೆ ಹಬ್ಬ. ಇಲ್ಲಿನವರು ಗೋರುಚಿಕ್ಕುಡು ಎಂದು ಪ್ರೀತಿಯಿಂದ ತಿನ್ನುವ ಕಾಯಿಯನ್ನು ನಾವು ತೆಂಗಿನಕಾಯಿ ತುರಿ, ಚೂರು ಬೆಲ್ಲ ಹಾಕಿ ಮಾಡಿ ಬಡಿಸಿದಾಗ ಎರಡನೆಯ ಸಲ ಕೇಳಿ ಹಾಕಿಸಿಕೊಂಡವರಿದ್ದಾರೆ. ತೊಂಡೆ, ಹೀರೆ, ಪಡವಲ ಹೇಗೂ ಇವೆ. ಕಾರ್ಡಿನಲ್ಲಿ "ಬೀನ್ಸ್ ಪಲ್ಯ" ಎಂದು ಅಚ್ಚು ಹಾಕಿಸುವ ಬದಲು "ಇವತ್ತಿನ ಪಲ್ಯ" ಎಂದು ಹಾಕಿಸಿದರೆ ಮುಗಿಯಿತು. ಮದುವೆಯ ಆರ್ಡರ್ ಒಪ್ಪುವಾಗಲೇ ಹೇಳಿಬಿಡಿ: "ಮೇ ತಿಂಗಳಲ್ಲಿ ಬೀನ್ಸ್ ಬೇಡ ಸ್ವಾಮಿ, ಅಲಸಂದೆ ಹಾಕೋಣ." ನಾವು ಈಗ ಹಾಗೆಯೇ ಹೇಳುತ್ತೇವೆ. ಒಂದೆರಡು ಆರ್ಡರ್ ಕೈತಪ್ಪಿದ್ದುಂಟು. ಆದರೆ ಎಲೆಯ ಅಂಚಿನಲ್ಲಿ ನಾರಿನ ಗುಡ್ಡೆ ಆಮೇಲೆ ಕಂಡಿಲ್ಲ.

ಹೋಟೆಲ್ ನಡೆಸುವವನಿಗೆ ಗಿಡ ನೋಡಲು ಪುರುಸೊತ್ತೆಲ್ಲಿ ಎಂಬುದು ಕೊನೆಯ ಆಕ್ಷೇಪ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಅರ್ಧ ಗಂಟೆ ನಮಗೂ ಇದೆ. ಆ ಹೊತ್ತು ಮೊಬೈಲ್ ನೋಡುತ್ತೇವೆ. ಪಾತ್ರೆ ತೊಳೆಯುವ ಹುಡುಗರಲ್ಲಿ ಅರ್ಧದಷ್ಟು ಮಂದಿ ರೈತರ ಮಕ್ಕಳೇ. ನಮ್ಮ ಎರಡನೆಯ ವರ್ಷದ ಬೆಳೆಗೆ ನಿಜವಾದ ಗುರು ಅವರಲ್ಲೊಬ್ಬನೇ ಆಗಿದ್ದ.

ಬಂಧುಗಳೇ, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಒಂದು ಚಳಿಗಾಲದ ಮಟ್ಟಿಗೆ ಬದಿಗಿಡೋಣ. ಬರುವ ದೀಪಾವಳಿ ಕಳೆದ ಮೇಲೆ ಒಂದೇ ಒಂದು ಮಡಿ ಮಾಡಿ, ನೂರು ಬೀಜ ಹಾಕಿ. ಸಂಕ್ರಾಂತಿಯ ಊಟಕ್ಕೆ ನಿಮ್ಮದೇ ಹುರುಳಿಕಾಯಿ ಪಲ್ಯವಾಗಲಿ. ಹತ್ತಿರದ ರೈತರೊಡನೆ ಸೇರಿ ಕೊಳ್ಳುವ ವಿಚಾರವನ್ನು ನಮ್ಮ ಸಂಘದ ಮುಂದಿನ ಸಭೆಯಲ್ಲಿ ಎತ್ತೋಣ. ಒಪ್ಪದವರು ಬಂದು ಜಗಳವಾಡಲಿ, ಕಾಫಿ ನಮ್ಮದು.